ಟ್ರೈಲರನ್ನೂ ಎಳೆಯಬೇಕು, ದಿನಾ ಓಡಿಸುವುದಕ್ಕೂ ಮಜಾ ಇರಬೇಕು

ಟ್ರೈಲರ್ ಎಳೆಯುವುದಕ್ಕೆ ಯಾವ ಗಾಡಿ ತಗೊಳ್ಳಲಿ ಅಂತ ಅಮೆರಿಕದಲ್ಲಿ ಯಾರನ್ನು ಬೇಕಾದರೂ ಕೇಳಿ, ಉತ್ತರ ಒಂದೇ. ಪಿಕಪ್ ತಗೊಳ್ಳಿ, ತಗೊಳ್ಳುವುದೇ ಆದರೆ ದೊಡ್ಡದೇ ತಗೊಳ್ಳಿ, ಆಮೇಲೆ ಯೋಚನೆಯೇ ಇಲ್ಲ. ಅವರು ಹೇಳುವುದು ಸುಳ್ಳಲ್ಲ. ಎಳೆಯುವುದೊಂದೇ ಕೆಲಸವಾಗಿದ್ದರೆ ನಾನೂ ಅದನ್ನೇ ತಂದು ಮನೆ ಮುಂದೆ ನಿಲ್ಲಿಸುತ್ತಿದ್ದೆ. ಆದರೆ ನಮ್ಮ ಟ್ರೈಲರ್, ಅಂದರೆ ಗಾಡಿಯ ಹಿಂದೆ ಕಟ್ಟಿಕೊಂಡು ಕ್ಯಾಂಪಿಂಗಿಗೆ ಹೋಗುವ ಪುಟ್ಟ ಮನೆ, ಹೊರಗೆ ಹೊರಡುವುದು ರಜೆ ಸಿಕ್ಕಾಗ ಮಾತ್ರ. ಉಳಿದ ದಿನವೆಲ್ಲ ಅದೇ ಗಾಡಿ ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಿಂದ ಆಫೀಸಿಗೆ ಓಡಬೇಕು, ಮಕ್ಕಳ ಈಜು ಕ್ಲಾಸಿಗೆ ಓಡಬೇಕು, ಸೊಪ್ಪು ತರಕಾರಿಗೆ ಇಂಡಿಯನ್ ಅಂಗಡಿಗೂ ಓಡಬೇಕು. ಜೊತೆಗೆ ನನಗೊಂದು ಚಟ ಇದೆ. ಶನಿವಾರ ಬೆಳಗ್ಗೆ ಮನೆಯವರು ಏಳುವ ಮೊದಲು ವುಡ್‌ಸೈಡ್ ಕಡೆಯಿಂದ ಹೈವೇ 84 ಹತ್ತಿ, ಸ್ಕೈಲೈನ್ ರಸ್ತೆ ಸೇರಿ, ಅಲ್ಲಿಂದ ಹೈವೇ 9ರಲ್ಲಿ ಸಾರಟೋಗಕ್ಕೆ ಇಳಿದು ಬರುವುದು. ಕೆಲಸ ಏನೂ ಇಲ್ಲ, ಸುಮ್ನೆ. ತಿರುವುಗಳಲ್ಲಿ ಸ್ಟೀರಿಂಗ್ ಕೈಗೆ ಮಾತಾಡಬೇಕು, ಅಷ್ಟೇ. ಅದನ್ನು ಕಳೆದುಕೊಂಡು ಟ್ರೈಲರ್ ಎಳೆಯುವುದು ನನಗೆ ಬೇಕಿರಲಿಲ್ಲ.

ತಿಂಗಳುಗಟ್ಟಲೆ ಹುಡುಕಿ, ಸಿಕ್ಕಿದ್ದನ್ನೆಲ್ಲ ಓಡಿಸಿ ನೋಡಿದ ಮೇಲೆ ನನ್ನ ಅಭಿಪ್ರಾಯ ಇಷ್ಟು: ಜನ ಇದನ್ನು ಹಿಂದುಮುಂದಾಗಿ ಮಾಡುತ್ತಾರೆ. ಮೊದಲು ಆಸೆಪಟ್ಟ ಟ್ರೈಲರ್ ಕೊಂಡು, ಆಮೇಲೆ ಅದನ್ನು ಎಳೆಯುವ ಗಾಡಿ ಹುಡುಕುತ್ತಾರೆ. ಆಗ ಟ್ರೈಲರ್ ಹೇಳಿದ ಗಾಡಿಯನ್ನೇ ವರ್ಷವಿಡೀ ಓಡಿಸಬೇಕಾಗುತ್ತದೆ. ಓಡಿಸುವ ಖುಷಿ ಬೇಕೆಂದರೆ ಮೊದಲು ಇಷ್ಟವಾಗುವ ಗಾಡಿ ನೋಡಿ, ಅದು ನಿಜವಾಗಿ ಎಷ್ಟು ಹೊರುತ್ತದೆ ಅಂತ ಲೆಕ್ಕ ಹಾಕಿ, ಆ ಲೆಕ್ಕದೊಳಗೆ ಕೂರುವ ಟ್ರೈಲರ್ ಆರಿಸಿ. ಟ್ರೈಲರ್ ನಾಲ್ಕು ಅಡಿ ಗಿಡ್ಡ ಆದರೆ ಪ್ರಪಂಚ ಮುಳುಗುವುದಿಲ್ಲ.

ಪಿಕಪ್ ಬೇಡ ಎಂದದ್ದು ಓಡಿಸಿ ನೋಡದೆ ಅಲ್ಲ. ಸ್ನೇಹಿತರೊಬ್ಬರ ಫೋರ್ಡ್ ಎಫ್-150 ಒಂದು ವಾರ ನನ್ನ ಹತ್ತಿರ ಇತ್ತು. 3.5 ಲೀಟರಿನ ಇಕೋಬೂಸ್ಟ್ ಎಂಜಿನ್, 400 ಅಶ್ವಶಕ್ತಿ, 500 ಪೌಂಡ್-ಫೀಟ್ ಟಾರ್ಕ್, ಅಂದರೆ ಚಕ್ರ ತಿರುಗಿಸುವ ಬಲ. ಟ್ರೈಲರ್ ಹಿಂದೆ ಇದೆ ಅನ್ನುವುದೇ ಅದಕ್ಕೆ ಗೊತ್ತಾಗುವುದಿಲ್ಲ. ನೇರ ರಸ್ತೆಯಲ್ಲಿ ಕಾಲು ಒತ್ತಿದರೆ ನಗು ಬರುತ್ತದೆ. ಆದರೆ ನಾಲ್ಕು ಬಾಗಿಲಿನ ಆ ಗಾಡಿ 19 ಅಡಿಗೂ ಜಾಸ್ತಿ ಉದ್ದ. ಭಾನುವಾರ ಸಂಜೆ ಇಂಡಿಯನ್ ಅಂಗಡಿಯ ಪಾರ್ಕಿಂಗಿನಲ್ಲಿ ಅದನ್ನು ನಿಲ್ಲಿಸಲು ಹೋಗಿ ನೋಡಿ, ಒಂದು ಕಡೆ ಟ್ರಾಲಿ ತಳ್ಳಿಕೊಂಡು ಬರುವ ಅಜ್ಜಿ, ಇನ್ನೊಂದು ಕಡೆ ಹಾರ್ನ್ ಹೊಡೆಯುವ ಟೆಸ್ಲಾ, ಎರಡರ ಮಧ್ಯೆ 'ಕಾಂಪ್ಯಾಕ್ಟ್' ಎಂದು ಬರೆದ ಜಾಗ. ಆಗ ನಮ್ಮಲ್ಲಿಗೆ ಬಂದಿದ್ದ ಅಮ್ಮ ಹತ್ತುವುದಕ್ಕೆ ಹಿಡಿ ಹಿಡಿದುಕೊಂಡು, 'ಏನಪ್ಪಾ, ಓದಿಸಿ ಅಮೆರಿಕಕ್ಕೆ ಕಳಿಸಿದ್ದು ಲಾರಿ ಓಡಿಸೋಕಾ?' ಅಂದರು. ಹೈವೇ 84ರ ತಿರುವುಗಳಲ್ಲಿ ಅದು ತನ್ನ ಪಾಡಿಗೆ ಆರಾಮವಾಗಿ ತೂಗಾಡಿಕೊಂಡು ಹೋಯಿತು. ಆ ಗಾಡಿಗೆ ಆ ರಸ್ತೆ ಅಲ್ಲ, ಅದರದ್ದೇನೂ ತಪ್ಪಿಲ್ಲ.

ಈಗ ಅಂಕಿಗೆ ಬರೋಣ, ಎಲ್ಲರೂ ಎಡವುವುದು ಇಲ್ಲೇ. ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಇರುವುದು ಟೋ ರೇಟಿಂಗ್. ಇಷ್ಟು ಸಾವಿರ ಪೌಂಡ್ ಎಳೆಯುತ್ತದೆ ಅಂತ. ಒಂದು ಕಾಲದಲ್ಲಿ ಕಂಪನಿಗಳು ತಮಗೆ ತೋಚಿದ ಹಾಗೆ ಈ ಅಂಕಿ ಹಾಕುತ್ತಿದ್ದವು. 2008ರಲ್ಲಿ ವಾಹನ ಎಂಜಿನಿಯರುಗಳ ಸಂಘ ಎಸ್‌ಎಇಯಿಂದ ಜೆ2807 ಅನ್ನುವ ಪರೀಕ್ಷೆ ಬಂತು. ಮೊದಲು ಒಪ್ಪಿಕೊಂಡಿದ್ದು ಟೊಯೊಟಾ, 2011ರ ಟಂಡ್ರಾ ಪಿಕಪ್‌ಗೆ. ಉಳಿದವರು ನಿಧಾನವಾಗಿ ಬಂದರು. ಈ ಪರೀಕ್ಷೆಯಲ್ಲಿ ನನಗೆ ಇಷ್ಟವಾಗುವ ಭಾಗ ಅರಿಜೋನಾದ ಡೇವಿಸ್ ಡ್ಯಾಮ್ ಏರು. ಸ್ಟೇಟ್ ರೂಟ್ 68ರಲ್ಲಿ 11.4 ಮೈಲಿ ಏರುತ್ತಲೇ ಹೋಗಬೇಕು. ಹೊರಗೆ ಸುಡುಬಿಸಿಲು, ಒಳಗೆ ಏಸಿ ಪೂರ್ತಿ ಹಾಕಿರಬೇಕು, ಹಿಂದೆ ಪೂರ್ತಿ ಭಾರದ ಟ್ರೈಲರ್. ವೇಗ ಗಂಟೆಗೆ 40 ಮೈಲಿಗಿಂತ ಕೆಳಗೆ ಬೀಳಬಾರದು, ಎಂಜಿನ್ ಕುದಿಯಬಾರದು. ಹಾಗಾಗಿ ಇವತ್ತಿನ ಟೋ ರೇಟಿಂಗ್ ಬರೀ ಬೊಗಳೆ ಅಲ್ಲ. ಆದರೆ ಆ ಪರೀಕ್ಷೆಯಲ್ಲಿ ಗಾಡಿಯೊಳಗೆ ಕೂರುವುದು ಚಾಲಕ ಮತ್ತು ಪಕ್ಕದಲ್ಲಿ ಒಬ್ಬರು, ತಲಾ 150 ಪೌಂಡ್ ಲೆಕ್ಕದಲ್ಲಿ. ಹಿಂದಿನ ಸೀಟಿನಲ್ಲಿ ಮಕ್ಕಳಿಲ್ಲ, ಸೈಕಲ್ ಇಲ್ಲ, ಅಕ್ಕಿ ಮೂಟೆ ಇಲ್ಲ, ಊರಿಂದ ಬಂದ ಅಪ್ಪ ಅಮ್ಮ ಇಲ್ಲ.

ನಿಜವಾದ ಅಂಕಿ ಇರುವುದು ಚಾಲಕನ ಬಾಗಿಲು ತೆಗೆದಾಗ ಕಂಬದ ಮೇಲೆ ಅಂಟಿಸಿರುವ ಹಳದಿ-ಬಿಳಿ ಸ್ಟಿಕ್ಕರಿನಲ್ಲಿ. ಜನ ಮತ್ತು ಸಾಮಾನು ಸೇರಿ ಇಷ್ಟು ಪೌಂಡ್ ಮೀರಬಾರದು ಅಂತ ಅದರಲ್ಲಿ ಬರೆದಿರುತ್ತದೆ. ಇದೇ ಪೇಲೋಡ್. ಟ್ರೈಲರಿನ ಮೂತಿ ಗಾಡಿಯ ಹಿಂದಿನ ಕೊಂಡಿಯ, ಅಂದರೆ ಹಿಚ್‌ನ, ಮೇಲೆ ಒತ್ತುವ ಮುಂಭಾರವೂ ಈ ಲೆಕ್ಕದಲ್ಲೇ ಬರುತ್ತದೆ, ಅದನ್ನು ಯಾರೂ ಹೇಳುವುದಿಲ್ಲ. ಇಲ್ಲಿಯ ಸಾಮಾನ್ಯ ಟ್ರೈಲರುಗಳಿಗೆ ಆ ಮುಂಭಾರ ಒಟ್ಟು ತೂಕದ 10ರಿಂದ 15 ಪರ್ಸೆಂಟ್ ಇರಬೇಕು.

ಒಂದು ಲೆಕ್ಕ ಹಾಕೋಣ. ಸ್ಟಿಕ್ಕರಿನಲ್ಲಿ 1,250 ಪೌಂಡ್ ಎಂದಿದೆ ಅಂದುಕೊಳ್ಳಿ. ಟ್ರೈಲರ್ 3,500 ಪೌಂಡ್, ಅಂದರೆ ಸುಮಾರು 1,590 ಕಿಲೋ. 12 ಪರ್ಸೆಂಟ್ ಮುಂಭಾರ ಹಿಡಿದರೆ 420 ಪೌಂಡ್ ಹೋಯಿತು. ಹಿಚ್ಚಿನ ಕಬ್ಬಿಣಕ್ಕೆ 30. ಅಪ್ಪ, ಅಮ್ಮ, ಇಬ್ಬರು ಮಕ್ಕಳ ಸಂಸಾರಕ್ಕೆ 500. ಉಳಿದದ್ದು 300. ಅಜ್ಜಿ ತಾತ ಇಬ್ಬರೂ ಹತ್ತಿ ಕೂತರೆ 280. ಇನ್ನು 20 ಪೌಂಡ್ ಉಳಿಯಿತು, ಅದು ಕುಕ್ಕರಿಗೂ ಒಗ್ಗರಣೆ ಡಬ್ಬಿಗೂ ಸರಿಹೋಯಿತು. ಟೋ ರೇಟಿಂಗ್ 5,000 ಇರುವ ಗಾಡಿ 3,500 ಎಳೆಯುವಾಗಲೇ ಪೇಲೋಡ್ ಬರಿದಾಯಿತು ನೋಡಿ. ಇದು ಸಣ್ಣ ಗಾಡಿಗಳ ಕಥೆ ಮಾತ್ರ ಅಲ್ಲ. ಪಿಕಪ್ಪುಗಳಲ್ಲೂ ಚರ್ಮದ ಸೀಟು, ದೊಡ್ಡ ಗಾಜಿನ ಛಾವಣಿ, ದಪ್ಪ ಚಕ್ರ ಅಂತ ಸೇರಿಸಿದಷ್ಟೂ ಪೇಲೋಡ್ ಕರಗುತ್ತದೆ. ಒಂದೇ ಮಾದರಿಯ ಎರಡು ಗಾಡಿಗಳ ಸ್ಟಿಕ್ಕರ್ ಬೇರೆ ಬೇರೆ ಇರುತ್ತದೆ. ಅದಕ್ಕೇ ವೆಬ್‌ಸೈಟಿನ ಅಂಕಿ ನಂಬಬೇಡಿ, ನೀವು ಕೊಳ್ಳುವ ಗಾಡಿಯ ಬಾಗಿಲನ್ನೇ ತೆಗೆದು ಓದಿ.

ಮುಂಭಾರ ಜಾಸ್ತಿಯಾದರೆ ಏನಾಗುತ್ತದೆ ಅಂತ ಮಂಡ್ಯದ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಕಬ್ಬಿನ ಸೀಸನ್ನಿನಲ್ಲಿ ಓವರ್‌ಲೋಡ್ ಮಾಡಿದ ಟ್ರ್ಯಾಕ್ಟರ್ ಏರು ಹತ್ತುವಾಗ ಮುಂದಿನ ಚಕ್ರ ಗಾಳಿಯಲ್ಲಿ ಎದ್ದು ನಿಲ್ಲುವುದನ್ನು ನೋಡಿದ್ದೀರಿ ಅಲ್ವಾ? ಸ್ಟೀರಿಂಗ್ ಎಷ್ಟು ತಿರುಗಿಸಿದರೂ ಲೆಕ್ಕಕ್ಕಿಲ್ಲ. ಕಾರಿನಲ್ಲಿ ಅಷ್ಟು ಎದ್ದು ಕಾಣುವುದಿಲ್ಲ, ಆದರೆ ನಡೆಯುವುದು ಅದೇ. ಹಿಂದಿನ ಆಕ್ಸಲ್ ಕುಗ್ಗುತ್ತದೆ, ಮುಂದಿನ ಟೈರಿನ ಹಿಡಿತ ಸಡಿಲವಾಗುತ್ತದೆ, ರಾತ್ರಿ ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತದೆ.

ಮುಂಭಾರ ಕಡಿಮೆಯಾದರೆ ಇನ್ನೂ ಕೆಟ್ಟದ್ದು. ಟ್ರೈಲರ್ ಬಾಲ ಅಲ್ಲಾಡಿಸಲು ಶುರು ಮಾಡುತ್ತದೆ. ಲಾರಿಯೊಂದು ಪಕ್ಕದಲ್ಲಿ ಹಾದುಹೋದಾಗ ಗಾಳಿಯ ಹೊಡೆತಕ್ಕೆ ಒಂದು ಸಣ್ಣ ತೂಗು, ಅದು ಇನ್ನೊಂದು ದೊಡ್ಡ ತೂಗು, ನಾಲ್ಕನೆಯದಕ್ಕೆ ಗಾಡಿಯನ್ನೇ ಎಳೆದಾಡುತ್ತದೆ. ಆ ಹೊತ್ತಿಗೆ ಕಾಲು ತಾನಾಗಿ ಬ್ರೇಕಿಗೆ ಹೋಗುತ್ತದೆ. ಹೋಗಬಾರದು. ಸ್ಟೀರಿಂಗ್ ನೇರ ಹಿಡಿದು, ಆಕ್ಸಿಲರೇಟರ್ ಬಿಟ್ಟು, ಕೈಯಿಂದ ಟ್ರೈಲರಿನ ಬ್ರೇಕ್ ಮಾತ್ರ ಒತ್ತಬೇಕು. ಆಗ ಹಿಂದಿನದು ಮುಂದಿನದನ್ನು ನೇರಕ್ಕೆ ಎಳೆದು ತರುತ್ತದೆ. ಇವತ್ತಿನ ಗಾಡಿಗಳಲ್ಲಿ ಇದನ್ನು ಗುರುತಿಸಿ ತಾನೇ ಸರಿಮಾಡುವ ಎಲೆಕ್ಟ್ರಾನಿಕ್ಸ್ ಇರುತ್ತದೆ, ಸಂತೋಷ. ಆದರೂ ಸೈಕಲ್ಲುಗಳನ್ನು ಟ್ರೈಲರಿನ ಹಿಂದಿನ ಬಂಪರಿಗೆ ನೇತು ಹಾಕುವವರನ್ನು ಕಂಡರೆ ನನಗೆ ಹೊಟ್ಟೆಯಲ್ಲಿ ತಳಮಳ.

ಇಲ್ಲೊಂದು ಒಳ್ಳೆಯ ಸುದ್ದಿಯೂ ಇದೆ. ಎಳೆಯುವಾಗ ಗಾಡಿ ನೆಟ್ಟಗೆ ನಿಲ್ಲುವುದಕ್ಕೆ ಬೇಕಾಗುವ ಗುಣಗಳು, ಖುಷಿಯಾಗಿ ಓಡಿಸುವುದಕ್ಕೆ ಬೇಕಾಗುವ ಗುಣಗಳು ಬಹಳಷ್ಟು ಒಂದೇ. ಗಾಡಿ ತೀರಾ ಎತ್ತರ ಇರಬಾರದು. ಹಿಂದಿನ ಸಸ್ಪೆನ್ಷನ್ ಗಟ್ಟಿಯಾಗಿರಬೇಕು. ಬ್ರೇಕ್ ಚೆನ್ನಾಗಿರಬೇಕು, ಸ್ಟೀರಿಂಗ್ ನೇರವಾಗಿ ಉತ್ತರ ಕೊಡಬೇಕು, ಎಂಜಿನ್ ನಿಧಾನವಾಗಿ ಸುತ್ತುವಾಗಲೇ ಟಾರ್ಕ್ ಸಿಗಬೇಕು. ವೀಲ್‌ಬೇಸ್, ಅಂದರೆ ಮುಂದಿನ ಹಿಂದಿನ ಚಕ್ರಗಳ ನಡುವಿನ ದೂರ, ಉದ್ದ ಇದ್ದು ಹಿಂದಿನ ಆಕ್ಸಲಿನಿಂದ ಹಿಚ್ಚಿನ ಕಬ್ಬಿಣದ ಉಂಡೆಗೆ ದೂರ ಕಡಿಮೆ ಇದ್ದರೆ ಟ್ರೈಲರಿಗೆ ಗಾಡಿಯನ್ನು ಅಲ್ಲಾಡಿಸಲು ಹಿಡಿತ ಸಿಗುವುದಿಲ್ಲ. ಎರಡೂ ಬೇರೆಯಾಗುವುದು ಟೈರಿನ ವಿಷಯದಲ್ಲಿ. ಶೋರೂಮಿನಲ್ಲಿ 21 ಇಂಚಿನ ಚಕ್ರ, ಪಟ್ಟಿಯ ಹಾಗೆ ತೆಳು ಟೈರ್ ಇರುವ ಗಾಡಿಯೇ ಕಣ್ಣು ಸೆಳೆಯುತ್ತದೆ. ಭಾರ ಹೊತ್ತು ಕ್ಯಾಂಪ್‌ಗ್ರೌಂಡಿನ ಗುಂಡಿ ರಸ್ತೆಗೆ ಇಳಿದಾಗ ಅದು ಬೇಡವೇ ಬೇಡ. ಅದೇ ಗಾಡಿಯಲ್ಲಿ ಸಣ್ಣ ಚಕ್ರದ ಟ್ರಿಮ್, ಅಂದರೆ ಆವೃತ್ತಿ, ಸಿಕ್ಕರೆ ಅದನ್ನೇ ತಗೊಳ್ಳಿ. ದಿನಾ ಓಡಿಸುವಾಗಲೂ ಬೆನ್ನಿಗೆ ಸುಖ.

ಯಾವ ಯಾವ ಗಾಡಿ ನೋಡಿದೆ ಅಂತ ಕೇಳುತ್ತೀರಿ. ಹೋಂಡಾ ರಿಡ್ಜ್‌ಲೈನ್ ತುಂಬ ಬುದ್ಧಿವಂತಿಕೆಯ ಗಾಡಿ. ನೋಡಲು ಪಿಕಪ್, ಒಳಗೆ ಕಾರಿನ ಮೈಕಟ್ಟು, ಹಿಂದೆ ಒಂದೊಂದು ಚಕ್ರವೂ ತನ್ನ ಪಾಡಿಗೆ ಏರಿಳಿಯುವ ಇಂಡಿಪೆಂಡೆಂಟ್ ಸಸ್ಪೆನ್ಷನ್, 5,000 ಪೌಂಡ್ ಎಳೆಯುತ್ತದೆ, ಪೇಲೋಡ್ ಕೂಡ ಉದಾರವಾಗಿದೆ. ಅಚ್ಚುಕಟ್ಟು. ಆದರೆ ಓಡಿಸಿ ಬಂದ ಮೇಲೆ ಮತ್ತೊಮ್ಮೆ ಕೀಲಿ ಎತ್ತಿಕೊಳ್ಳಬೇಕು ಅನ್ನಿಸಲಿಲ್ಲ. ಕಿಯಾ ಟೆಲ್ಯುರೈಡ್, ಹೋಂಡಾ ಪೈಲಟ್, ಫೋಕ್ಸ್‌ವ್ಯಾಗನ್ ಅಟ್ಲಾಸ್ ಎಲ್ಲ 5,000ದ ಬಳಗವೇ. ಸಂಸಾರಕ್ಕೆ ಒಳ್ಳೆಯವು, ಮಾತು ಅಲ್ಲಿಗೆ ಮುಗಿಯಿತು.

ಡಾಡ್ಜ್ ಡ್ಯುರಾಂಗೊ ಬೇರೆಯದೇ ಜಾತಿ. 5.7 ಲೀಟರ್ ಹೆಮಿ ವಿ8, 360 ಅಶ್ವಶಕ್ತಿ, 7,400 ಪೌಂಡ್ ಎಳೆಯುತ್ತದೆ, ಮೂರು ಸಾಲು ಸೀಟು. ಅದರ ಎಸ್‌ಆರ್‌ಟಿ 392 ಮಾದರಿಗೆ 475 ಅಶ್ವಶಕ್ತಿ, 8,700 ಪೌಂಡ್ ಇತ್ತು. ಆ ಎಂಜಿನ್ ಶಬ್ದ ಕೇಳಿದ ಮೇಲೆ ನನ್ನ ಲೆಕ್ಕಾಚಾರವೆಲ್ಲ ಸ್ವಲ್ಪ ಹೊತ್ತು ಗಾಳಿಗೆ ಹೋಯಿತು ಅಂತ ಇಟ್ಟುಕೊಳ್ಳಿ. ಹೆಂಡತಿ ಪಕ್ಕದಲ್ಲಿ ಕೂತು, 'ರೀ, ಪೆಟ್ರೋಲ್ ಮೀಟರ್ ಕಡೆನೂ ಒಂದ್ಸಲ ನೋಡಿ' ಅಂದಳು. ದಿನಕ್ಕೆ ಎರಡು ಸಲ ಹೈವೇ 880ರ ಟ್ರಾಫಿಕ್ಕಿನಲ್ಲಿ ವಿ8 ನಿಂತು ನಿಂತು ಸಾಗುವುದನ್ನು ನೆನೆಸಿಕೊಂಡು ಸುಮ್ಮನಾದೆ. ಹೈವೇ ಪಕ್ಕದ ಸಣ್ಣ ಊರಿನಲ್ಲಿ ಇದ್ದಿದ್ದರೆ ಬಹುಶಃ ಅದೇ ಮನೆಗೆ ಬರುತ್ತಿತ್ತು.

ಜರ್ಮನಿಯವು ಈ ಆಟದಲ್ಲಿ ನಿಜಕ್ಕೂ ಗಟ್ಟಿ. ಅಮೆರಿಕದಲ್ಲಿ ಜನ ಬಿಎಂಡಬ್ಲ್ಯು, ಪೋರ್ಷೆ ಹಿಂದೆ ಟ್ರೈಲರ್ ಕಂಡರೆ ನಗುತ್ತಾರೆ, ಆದರೆ ಯುರೋಪಿನಲ್ಲಿ ಸಾಮಾನ್ಯ ಕಾರುಗಳೇ ಕ್ಯಾರವಾನ್ ಎಳೆದುಕೊಂಡು ಆಲ್ಪ್ಸ್ ಹತ್ತುತ್ತವೆ. ಅಲ್ಲಿ ವೇಗದ ಮಿತಿ ಕಡಿಮೆ, ಟ್ರೈಲರಿನ ಮುಂಭಾರವೂ ಕಡಿಮೆ. ಹಾಗಾಗಿ ಅಲ್ಲಿ ಎಳೆಯುವ ಎಷ್ಟೋ ಕಾರುಗಳಿಗೆ ಇಲ್ಲಿ ರೇಟಿಂಗೇ ಕೊಡುವುದಿಲ್ಲ. ಬಿಎಂಡಬ್ಲ್ಯು ಎಕ್ಸ್5ಗೆ 7,200 ಪೌಂಡ್, ಪೋರ್ಷೆ ಕೇಯೆನ್‌ಗೆ 7,700 ಪೌಂಡ್. 2006ರಲ್ಲಿ ಫೋಕ್ಸ್‌ವ್ಯಾಗನ್ ಟುವಾರೆಗ್ ವಿ10 ಡೀಸೆಲ್ ಒಂದು ಬೋಯಿಂಗ್ 747 ವಿಮಾನವನ್ನೇ ಇಂಗ್ಲೆಂಡಿನ ಡನ್ಸ್‌ಫೋಲ್ಡ್ ರನ್‌ವೇಯಲ್ಲಿ ಎಳೆದಿತ್ತು, ಕೇಯೆನ್ ಅದರ ಅಣ್ಣತಮ್ಮ. ವಿಮಾನ ಎಳೆಯುವುದು ಪ್ರಚಾರಕ್ಕೆ, ಬಿಡಿ, ಆದರೆ ಕೇಯೆನ್ ತಿರುವಿನಲ್ಲಿ ಹೋಗುವ ರೀತಿಗೆ ಪ್ರಚಾರ ಬೇಕಿಲ್ಲ. ಸೆಕೆಂಡ್ ಹ್ಯಾಂಡ್ ಎಕ್ಸ್5 ನನ್ನ ಪಟ್ಟಿಯಲ್ಲಿ ಕೊನೆಯವರೆಗೂ ಇತ್ತು. ಹುಡುಕುವವರಿಗೆ ಒಂದು ಮಾತು: ಕಂಪನಿಯೇ ಹಾಕಿದ ಹಿಚ್ ಇರುವ ಗಾಡಿ ಹುಡುಕಿ. ಹೊರಗಡೆ ಹಿಚ್ ವೆಲ್ಡ್ ಮಾಡಿಸಿದರೆ ಕಬ್ಬಿಣ ಬರುತ್ತದೆ, ರೇಟಿಂಗ್ ಬರುವುದಿಲ್ಲ. ಟೋ ಪ್ಯಾಕೇಜ್ ಎಂದರೆ ಕೂಲಿಂಗ್, ವೈರಿಂಗ್, ಸಾಫ್ಟ್‌ವೇರ್ ಎಲ್ಲ ಸೇರಿ. ಸೆಕೆಂಡ್ ಹ್ಯಾಂಡ್ ಸಿಕ್ಕಿದ್ದರಲ್ಲಿ ಅದು ಇರುವುದೇ ಅಪರೂಪ, ಲೀಸಿಗೆ ಓಡಿಸಿದವರಿಗೆ ಟ್ರೈಲರ್ ಯಾಕೆ ಬೇಕು?

ಟ್ರೈಲರ್ ತೀರಾ ಚಿಕ್ಕದಾದರೆ, ಒಬ್ಬಿಬ್ಬರು ಮಲಗುವ ಹನಿಯಾಕಾರದ ಟಿಯರ್‌ಡ್ರಾಪ್, ಎರಡು ಬೈಕು, ಸಣ್ಣ ದೋಣಿ ಅಷ್ಟೇ ಇದ್ದರೆ, ಇಷ್ಟೆಲ್ಲ ಒದ್ದಾಟ ಬೇಡ. ವೋಲ್ವೊ ವಿ60 ಕ್ರಾಸ್ ಕಂಟ್ರಿ, ಟರ್ಬೊ ಇರುವ ಸುಬಾರು ಔಟ್‌ಬ್ಯಾಕ್ ಎರಡಕ್ಕೂ 3,500 ಪೌಂಡ್. ಕಾರಿನ ಹಾಗೆ ತಗ್ಗಾಗಿ ಕೂತು ಓಡಿಸಬಹುದು. ಔಟ್‌ಬ್ಯಾಕಿನಲ್ಲಿ ಟರ್ಬೊ ಇಲ್ಲದ್ದಕ್ಕೆ 2,700 ಮಾತ್ರ, ಅದನ್ನು ಗಮನಿಸಿ.

ಎಲೆಕ್ಟ್ರಿಕ್ ಬಗ್ಗೆ ಕೇಳದೆ ಬಿಡುವುದಿಲ್ಲ ಗೊತ್ತು, ಫ್ರೀಮಾಂಟಿನವನು ಬೇರೆ ನಾನು, ಟೆಸ್ಲಾ ಫ್ಯಾಕ್ಟರಿ ಮನೆ ಹತ್ತಿರವೇ. ಎಳೆಯುವುದರಲ್ಲಿ ಅವುಗಳನ್ನು ಮೀರಿಸುವುದು ಕಷ್ಟ. ಟಾರ್ಕ್ ಕಾಲಿಟ್ಟ ಕೂಡಲೇ ಸಿಗುತ್ತದೆ, ಇಳಿಜಾರಿನಲ್ಲಿ ಮೋಟರೇ ತಡೆದು ಬ್ಯಾಟರಿ ತುಂಬಿಸುತ್ತದೆ. ಟೆಸ್ಲಾ ಮಾಡೆಲ್ ವೈ 3,500 ಪೌಂಡ್, ರಿವಿಯನ್ ಆರ್1ಎಸ್ 7,700. ತೊಂದರೆ ಇರುವುದು ದೂರದಲ್ಲಿ. ಡಬ್ಬದ ಹಾಗಿರುವ ಟ್ರೈಲರ್ ಕಟ್ಟಿದರೆ ರೇಂಜ್ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಬಹಳಷ್ಟು ಚಾರ್ಜರುಗಳು ಕಾರು ಹಿಂದಕ್ಕೆ ಹೋಗಿ ನಿಲ್ಲುವ ಹಾಗೆ ಕಟ್ಟಿದವು. ಟ್ರೈಲರ್ ಬಿಚ್ಚಿ ಪಕ್ಕಕ್ಕೆ ನಿಲ್ಲಿಸಿ, ಚಾರ್ಜ್ ಮಾಡಿ, ಮತ್ತೆ ಕಟ್ಟಬೇಕು. ಹಿಂದಿನ ಸೀಟಿನಲ್ಲಿ ಹಸಿದ ಮಕ್ಕಳನ್ನು ಇಟ್ಟುಕೊಂಡು ಅದನ್ನು ನಾನು ಮಾಡಲಾರೆ. ಹತ್ತಿರದ ಕಡಲತೀರದ ಕ್ಯಾಂಪಿಗೆ ಮಾತ್ರ ಹೋಗುವವರು ಕಣ್ಣು ಮುಚ್ಚಿ ತಗೊಳ್ಳಬಹುದು.

ನಾವು ಹೋಗುವುದು ಬೆಟ್ಟಕ್ಕೆ. ಸಿಯೆರಾ ಬೆಟ್ಟಸಾಲು ದಾಟಿ ಆಚೆ ಬದಿಯ ಹೈವೇ 395 ಹಿಡಿದು ಮೋನೊ ಸರೋವರದ ಕಡೆ. ಸೊನೊರಾ ಪಾಸ್ ಅನ್ನುವ ಘಾಟಿಯ ಹೈವೇ 108ರಲ್ಲಿ ಕೆಲವೆಡೆ 26 ಪರ್ಸೆಂಟ್ ಏರು ಇದೆ, ಟ್ರೈಲರ್ ಕಟ್ಟಿಕೊಂಡು ಆ ಕಡೆ ತಲೆ ಹಾಕುವುದೇ ಬೇಡ. ಹೈವೇ 88ರ ಕಾರ್ಸನ್ ಪಾಸ್ ಒಳ್ಳೆಯದು, 8,574 ಅಡಿ ಎತ್ತರ, ರಸ್ತೆ ಅಗಲ, ನೋಟ ಚೆಂದ. ಈ ಎತ್ತರವೇ ಎಂಜಿನ್ ಆರಿಸಿಕೊಡುತ್ತದೆ. ಟರ್ಬೊ ಇಲ್ಲದ ಎಂಜಿನ್ ಪ್ರತಿ ಸಾವಿರ ಅಡಿಗೆ ಸುಮಾರು 3 ಪರ್ಸೆಂಟ್ ಶಕ್ತಿ ಕಳೆದುಕೊಳ್ಳುತ್ತದೆ, ಗಾಳಿ ತೆಳುವಾಗುತ್ತದಲ್ಲ, ಅದಕ್ಕೆ. ಕಾರ್ಸನ್ ಪಾಸ್ ತಲೆ ಮೇಲೆ 280 ಅಶ್ವಶಕ್ತಿಯ ವಿ6ನಲ್ಲಿ ಉಳಿಯುವುದು 210ರ ಆಸುಪಾಸು. ಟರ್ಬೊ ಗಾಳಿಯನ್ನು ಒತ್ತಿ ತುಂಬುವುದರಿಂದ ಇಷ್ಟು ಸೊರಗುವುದಿಲ್ಲ. ಎಂಜಿನ್ ಕಿರುಚದೆ ನಿಮಿಷಕ್ಕೆ 2,500 ಸುತ್ತಿನಲ್ಲೇ ಏರುತ್ತಾ ಹೋಗುವುದಿದೆಯಲ್ಲ, ಕಾರಿನೊಳಗೆ ಎಲ್ಲರ ಮುಖದ ಬಿಗಿತವೂ ಅದಕ್ಕೇ ಸಡಿಲವಾಗುವುದು.

ಇಳಿಯುವುದಕ್ಕೆ ಮಾತ್ರ ಶಿರಾಡಿ ಘಾಟಿಯ ಹಳೆಯ ಡ್ರೈವರುಗಳ ಪಾಠವೇ ಸಾಕು, ಹತ್ತಿದ ಗೇರಿನಲ್ಲೇ ಇಳಿ. ಟೋ ಮೋಡ್ ಹಾಕಿದರೆ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಕೂಡ ಅದನ್ನೇ ಮಾಡುತ್ತದೆ, ಗೇರ್ ಇಳಿಸಿ ಎಂಜಿನ್ನಿನಿಂದ ತಡೆಯುತ್ತದೆ. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದವರು ಕೆಳಗೆ ತಲುಪುವ ಹೊತ್ತಿಗೆ ಸುಟ್ಟ ವಾಸನೆ ಬಂದಿರುತ್ತದೆ.

ಕೊನೆಗೆ ಮನೆಗೆ ಬಂದದ್ದು ಮಾಜ್ದಾ ಸಿಎಕ್ಸ್-90, ಟರ್ಬೊ ಎಸ್. 2023ರಲ್ಲಿ ಬಂದ ಮಾದರಿ. 3.3 ಲೀಟರಿನ ಆರು ಸಿಲಿಂಡರ್, ಎಲ್ಲ ಒಂದೇ ಸಾಲಿನಲ್ಲಿ, 340 ಅಶ್ವಶಕ್ತಿ, 369 ಪೌಂಡ್-ಫೀಟ್. ನಾಲ್ಕೂ ಚಕ್ರಕ್ಕೆ ಶಕ್ತಿ ಹೋದರೂ ಹಿಂದಿನ ಚಕ್ರಗಳಿಗೇ ಜಾಸ್ತಿ, ಅದು ತಿರುವಿನಿಂದ ಹೊರಬರುವಾಗ ಚೆನ್ನಾಗಿ ಗೊತ್ತಾಗುತ್ತದೆ. ವೀಲ್‌ಬೇಸ್ 122.8 ಇಂಚು, ಟ್ರೈಲರಿಗೆ ಬೇಕಾದ ಉದ್ದ ಅದರಲ್ಲೇ ಸಿಕ್ಕಿತು. ಅಪ್ಪ ಅಮ್ಮ ಬಂದಾಗ ಮೂರನೇ ಸಾಲಿಗೆ ಮಕ್ಕಳು ಹೋಗುತ್ತಾರೆ. ಟೋ ರೇಟಿಂಗ್ 5,000, ಆದರೆ ಎಲ್ಲ ಟ್ರಿಮ್ಮಿಗೂ ಅಲ್ಲ, ಕೆಲವಕ್ಕೆ 3,500 ಮಾತ್ರ, ಕೇಳಿ ತಗೊಳ್ಳಿ. ಇದರ ಗೇರ್‌ಬಾಕ್ಸಿನಲ್ಲಿ ಎಂಜಿನ್ ಶಕ್ತಿಯನ್ನು ಎಣ್ಣೆಯ ಮೂಲಕ ನಯವಾಗಿ ದಾಟಿಸುವ ಟಾರ್ಕ್ ಕನ್ವರ್ಟರ್ ಇಲ್ಲ, ಬದಲಿಗೆ ಕ್ಲಚ್ ಇದೆ. ಹಾಗಾಗಿ ಏರಿನಲ್ಲಿ ಟ್ರೈಲರನ್ನು ಇಂಚಿಂಚಾಗಿ ರಿವರ್ಸ್ ತಳ್ಳುವಾಗ ಕಾಲು ನಯವಾಗಿರಬೇಕು. ಊರಿನಲ್ಲಿ ಮ್ಯಾನ್ಯುವಲ್ ಗಾಡಿ ಓಡಿಸಿ ಕಲಿತವರಿಗೆ ಇದು ಬೇಗ ಕೈಗೆ ಬರುತ್ತದೆ.

ಗಾಡಿ ನಿರ್ಧಾರವಾದ ಮೇಲೆ ಟ್ರೈಲರ್. 17 ಅಡಿಯ ಫೈಬರ್‌ಗ್ಲಾಸಿನದು, ಮೂಲೆಯೆಲ್ಲ ದುಂಡಗಿದೆ, ತುಂಬಿಸಿದ ತೂಕದ ಮಿತಿ 3,500 ಪೌಂಡ್. ರೇಟಿಂಗಿನ 70 ಪರ್ಸೆಂಟ್ ಆಯಿತು, ಬೆಟ್ಟಕ್ಕೆ ಹೋಗುವವರಿಗೆ ಅಷ್ಟು ಉಳಿತಾಯ ಬೇಕು. ದುಂಡಗಿನ ಮೂಲೆ ಅಂದಕ್ಕಲ್ಲ. ಹೈವೇಯಲ್ಲಿ ಎಂಜಿನ್ ಒದ್ದಾಡುವುದು ತೂಕದ ಜೊತೆಗಲ್ಲ, ಗಾಳಿಯ ಜೊತೆ. ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟು. ಕೆಲವು ಗಾಡಿಗಳ ಮ್ಯಾನ್ಯುವಲ್‌ನಲ್ಲಿ ಟ್ರೈಲರಿನ ಮುಖ ಇಷ್ಟು ಚದರ ಅಡಿ ಮೀರಬಾರದು ಅಂತಲೂ ಇರುತ್ತದೆ, ಓದುವವರು ಕಡಿಮೆ. ಕ್ಯಾಲಿಫೋರ್ನಿಯಾದಲ್ಲಿ ಟ್ರೈಲರ್ ಕಟ್ಟಿದವರಿಗೆ ಮಿತಿ ಗಂಟೆಗೆ 55 ಮೈಲಿ. ಶುರುವಿನಲ್ಲಿ ಎಲ್ಲರೂ ಗೊಣಗುತ್ತಾರೆ, ಆಮೇಲೆ ಬಲಗಡೆ ಲೇನಿನಲ್ಲಿ ಹಾಡು ಹಾಕಿಕೊಂಡು ಹೋಗುವ ಸುಖ ಗೊತ್ತಾಗುತ್ತದೆ.

ತೂಕ ಮಾಡಿಸುವುದನ್ನು ಮರೆಯಬೇಡಿ. ಮಾರುವವರು ಹೇಳುವುದು ಒಣ ತೂಕ. ನೀರು ಒಂದು ಗ್ಯಾಲನ್ನಿಗೆ 8 ಪೌಂಡಿಗಿಂತ ಜಾಸ್ತಿ, ಬ್ಯಾಟರಿ, ಗ್ಯಾಸ್ ಸಿಲಿಂಡರ್, ಹಾಸಿಗೆ, ಪಾತ್ರೆ ಎಲ್ಲ ಸೇರಿ ಎಷ್ಟಾಯಿತು ಅಂತ ಯಾರಿಗೂ ಗೊತ್ತಿರುವುದಿಲ್ಲ. ಲಾರಿಗಳು ನಿಲ್ಲುವ ಟ್ರಕ್ ಸ್ಟಾಪುಗಳಲ್ಲಿ ಕ್ಯಾಟ್ ಸ್ಕೇಲ್ ಅನ್ನುವ ಗಾಡಿ ತೂಗುವ ಯಂತ್ರ ಇರುತ್ತದೆ. 18 ಚಕ್ರದ ಲಾರಿಗಳ ಮಧ್ಯೆ ಸಾಲಿನಲ್ಲಿ ನಿಂತು, ಮುಂದಿನ ಚಕ್ರ ಒಂದು ಹಲಗೆ ಮೇಲೆ, ಹಿಂದಿನದು ಇನ್ನೊಂದರ ಮೇಲೆ, ಟ್ರೈಲರ್ ಮೂರನೆಯದರ ಮೇಲೆ ಬರುವ ಹಾಗೆ ನಿಲ್ಲಿಸಬೇಕು. ಗುಂಡಿ ಒತ್ತಿದರೆ ಒಳಗಿನಿಂದ ಒಂದು ದನಿ ಕಂಪನಿ ಹೆಸರು, ಟ್ರಕ್ ನಂಬರ್ ಕೇಳುತ್ತದೆ. ಸ್ವಂತ ಗಾಡಿ ಅಂತ ಹೇಳಿದರಾಯಿತು. ಆಮೇಲೆ ಟ್ರೈಲರ್ ಬಿಚ್ಚಿಟ್ಟು ಗಾಡಿ ಒಂದನ್ನೇ ಇನ್ನೊಮ್ಮೆ ತೂಗಿಸಿ. ಎರಡು ಚೀಟಿಯಲ್ಲಿ ಗಾಡಿಯ ತೂಕದ ವ್ಯತ್ಯಾಸವೇ ಮುಂಭಾರ. ಕೆಲವೇ ಡಾಲರ್ ಖರ್ಚು. ನಮ್ಮ ಟ್ರೈಲರ್ 3,300ರ ಹತ್ತಿರ ಬಂತು. ಅಮ್ಮನ ಕಲ್ಲಿನ ಒರಳು ಬೇಡ ಅಂತ ಅವತ್ತೇ ತೀರ್ಮಾನವಾಯಿತು.

ಬ್ರೇಕ್ ಕಂಟ್ರೋಲರ್ ವಿಷಯದಲ್ಲಿ ಜಿಪುಣತನ ಬೇಡ. ಇಲ್ಲಿ ಕಾನೂನಿನ ಪ್ರಕಾರ 1,500 ಪೌಂಡ್ ಮುಟ್ಟಿದ ಕ್ಯಾಂಪಿಂಗ್ ಟ್ರೈಲರಿಗೆ ಅದರದ್ದೇ ಬ್ರೇಕ್ ಇರಬೇಕು. ಅದನ್ನು ಒತ್ತುವ ಡಬ್ಬಿ ಗಾಡಿಯಲ್ಲಿ ಇರಬೇಕು, ಅದೂ ನೀವು ಎಷ್ಟು ಜೋರಾಗಿ ಬ್ರೇಕ್ ಹಾಕಿದಿರೋ ಅಷ್ಟೇ ಟ್ರೈಲರಿಗೂ ಹಾಕುವ ಪ್ರೊಪೋರ್ಷನಲ್ ಜಾತಿಯದು. ನಾಲ್ಕು ಪಿನ್ನಿನ ಪ್ಲಗ್ ಲೈಟಿಗೆ ಮಾತ್ರ, ಬ್ರೇಕಿಗೆ ಏಳು ಪಿನ್ ಬೇಕು. ಇದನ್ನು ಗಾಡಿ ಕೊಳ್ಳುವಾಗಲೇ ಕೇಳಿ ಹಾಕಿಸಿಕೊಂಡರೆ ಆಮೇಲೆ ಡ್ಯಾಶ್‌ಬೋರ್ಡ್ ಬಿಚ್ಚಿಸುವ ಗೋಳಿಲ್ಲ.

ಮೈಲೇಜ್ ಹೇಳಿ ಮುಗಿಸುತ್ತೇನೆ, ಎಲ್ಲರ ಕೊನೆಯ ಪ್ರಶ್ನೆ ಅದೇ. ಟ್ರೈಲರ್ ಕಟ್ಟಿದಾಗ ಗ್ಯಾಲನ್ನಿಗೆ 12-13 ಮೈಲಿ ಬರುತ್ತದೆ. ಸ್ನೇಹಿತರ ಎಫ್-150 ಇದೇ ಟ್ರೈಲರ್ ಎಳೆದಾಗಲೂ ಹೆಚ್ಚುಕಡಿಮೆ ಅಷ್ಟೇ ಬಂತು, ಇಬ್ಬರೂ ತಳ್ಳಬೇಕಾದ ಗಾಳಿ ಒಂದೇ ಅಲ್ವಾ. ವ್ಯತ್ಯಾಸ ಕಾಣಿಸುವುದು ಸೋಮವಾರ, ಟ್ರೈಲರ್ ಮನೆ ಪಕ್ಕದಲ್ಲಿ ನಿಂತು ಗಾಡಿ ಮಾತ್ರ ಹೈವೇ 680 ಹತ್ತಿದಾಗ. ಅವರಿಗೆ 18, ನನಗೆ 25. ಪಾರ್ಕಿಂಗಿನಲ್ಲಿ 'ಕಾಂಪ್ಯಾಕ್ಟ್' ಜಾಗ ಈಗಲೂ ನನಗೆ ಇಕ್ಕಟ್ಟೇ, ಆದರೆ ಅಜ್ಜಿಯ ಟ್ರಾಲಿಗೆ ದಾರಿ ಉಳಿಯುತ್ತದೆ.